ಪ್ರಥಮ ಪಿಯುಸಿ ಮಕ್ಕಳ ಕೈಗೆ ಒಂದು ಆಡಿಯೋಗ್ರಾಮ್ ಕೊಡಿ: ಹಾಸನ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ (ಪದವಿಪೂರ್ವ),
ಹಾಸನ ಜಿಲ್ಲೆ.

ವಿಷಯ: ಹೆಡ್‌ಫೋನ್ ಬಳಸುವ ವಯಸ್ಸಿಗೆ ಬಂದ ವಿದ್ಯಾರ್ಥಿಗಳ ಶ್ರವಣ ಪರೀಕ್ಷೆ ನಡೆಸುವ ಕುರಿತು.

ಮಾನ್ಯರೇ,

ನಾನು ಈ ಜಿಲ್ಲೆಯ ಸರ್ಕಾರಿ ಪದವಿಪೂರ್ವ ಕಾಲೇಜೊಂದರ ಪ್ರೌಢಶಾಲಾ ವಿಭಾಗದಲ್ಲಿ 26 ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ಶಿಕ್ಷಕಿ. ಈ ಪತ್ರದಲ್ಲಿ ನಾನು ಕೇಳಿಕೊಳ್ಳುವುದು ಒಂದೇ ಸಂಗತಿಯಾದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜಿಲ್ಲೆಯಲ್ಲಿ ಪ್ರಥಮ ಪಿಯುಸಿಗೆ ಸೇರುವ ಪ್ರತಿ ವಿದ್ಯಾರ್ಥಿಗೂ ಸೇರಿದ ವರ್ಷದಲ್ಲೇ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ, ಅದರ ನಕ್ಷೆಯನ್ನು, ಎಂದರೆ ಆಡಿಯೋಗ್ರಾಮ್ ಎನ್ನುವ ಆ ಒಂದು ಹಾಳೆಯನ್ನು, ಅವರ ಕೈಗೇ ಕೊಡಬೇಕು. ಹೆಡ್‌ಫೋನ್ ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಚೀಲದ ತಳದಲ್ಲಿ ಮೊಬೈಲ್ ಅಡಗಿಸಿಡುವ ವಿದ್ಯೆಯಲ್ಲಿ ನಮ್ಮ ಮಕ್ಕಳು ಎಷ್ಟು ನುರಿತವರೆಂಬುದನ್ನು ದಿನವೂ ನೋಡುವವಳಾದ್ದರಿಂದ ನಿಷೇಧದ ಮೇಲೆ ನನಗೆ ನಂಬಿಕೆ ಉಳಿದಿಲ್ಲ.

ಈ ಕೋರಿಕೆಯ ಹಿಂದೆ ಮೊದಲಿಗೆ ನನ್ನದೇ ಕಿವಿಯ ಕಥೆಯಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠ, ತರಬೇತಿ, ಸಭೆ ಎಲ್ಲವೂ ಮೊಬೈಲಿಗೆ ಬಂದವು. ವಯಸ್ಸಾದ ಅತ್ತೆಯವರು ಒಳಗಿನಿಂದ ಕರೆದರೆ ಕೇಳಿಸಬೇಕೆಂದು ಬಲಗಿವಿಯನ್ನು ಖಾಲಿ ಬಿಟ್ಟು ಎಡಗಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದು ರೂಢಿಯಾಯಿತು, ಶಾಲೆ ತೆರೆದ ಮೇಲೂ ಆ ರೂಢಿ ಹೋಗಲಿಲ್ಲ. ಬೆಳಗಿನ ಹೊತ್ತು ಅಡುಗೆ ಮಾಡುತ್ತ ತಾಳಮದ್ದಳೆ ಕೇಳುವ ನಾನು, ಅರ್ಥಧಾರಿಗಳ ಮಾತು ಮಿಕ್ಸಿಯ ಸದ್ದಿನಲ್ಲಿ ಮುಳುಗಬಾರದೆಂದು ವಾಲ್ಯೂಮನ್ನು ಎರಡು ಗೆರೆ ಮೇಲೇರಿಸುತ್ತಿದ್ದೆ. ಮಿಕ್ಸಿ ನಿಂತ ಮೇಲೆ ಅದನ್ನು ಇಳಿಸಿದ ನೆನಪು ಒಂದು ದಿನದ್ದೂ ಇಲ್ಲ.

ಮೂರು ವರ್ಷಗಳ ಹಿಂದೆ ಆಷಾಢದಲ್ಲಿ ಸಕಲೇಶಪುರದ ಬಳಿಯ ತವರಿಗೆ ಹೋಗಿದ್ದಾಗ ಎಡಗಿವಿಯಲ್ಲಿ ತುರಿಕೆ ಶುರುವಾಯಿತು. ಒಗೆದ ಬಟ್ಟೆ ವಾರವಾದರೂ ಒಣಗದ, ಮೂಲೆಯಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುವ ಮಳೆಗಾಲದಲ್ಲಿ, ಗಂಟೆಗಟ್ಟಲೆ ರಬ್ಬರ್ ಬಿರಡೆ ಹಾಕಿ ಬೆಚ್ಚಗೆ ಮುಚ್ಚಿಟ್ಟ ಕಿವಿಯೊಳಗೆ ಬೂಷ್ಟು ಬೆಳೆಯುವುದರಲ್ಲಿ ಆಶ್ಚರ್ಯವಿಲ್ಲವೆಂದು ಆಮೇಲೆ ಇಎನ್‌ಟಿ ವೈದ್ಯರು ಹೇಳಿದರು. ಅಷ್ಟರಲ್ಲಿ ನಮ್ಮಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಎರಡು ರಾತ್ರಿ ಕಿವಿಗೆ ಬಿಟ್ಟಾಗಿತ್ತು. ಇಯರ್‌ಫೋನಿನ ಬಿರಡೆ ಒಳಕ್ಕೆ ತಳ್ಳಿ ತಳ್ಳಿ ಗಟ್ಟಿಯಾಗಿದ್ದ ಗುಗ್ಗೆ ಆ ಎಣ್ಣೆಯಲ್ಲಿ ಉಬ್ಬಿಕೊಂಡು ನೋವು ಇಮ್ಮಡಿಯಾಯಿತು. ಕಿವಿ ಶುಚಿ ಮಾಡಿಸಿ, ತೊಟ್ಟು ಔಷಧಿ ಹಾಕಿಕೊಂಡು, ತಿಂಗಳಾಗುವುದರೊಳಗೆ ಆ ತೊಂದರೆ ವಾಸಿಯಾಯಿತು. ವಾಸಿಯಾಗುವ ತೊಂದರೆ ಅಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಹಾಸನಕ್ಕೆ ಮರಳಿದ ಕೆಲವು ದಿನಗಳ ಮೇಲೆ ಒಂದು ರಾತ್ರಿ, ಊಟ ಮುಗಿದು ದೀಪ ಆರಿಸಿದ ಮೇಲೆ, ಕಿಟಕಿಯ ಆಚೆ ಜೀರುಂಡೆ ಕೂಗುತ್ತಿರುವಂತೆ ಕೇಳಿಸಿತು. ತೋಟದ ಊರಲ್ಲಿ ಹುಟ್ಟಿ ಬೆಳೆದ ನನಗೆ ಆ ಸದ್ದು ಹೊಸದಲ್ಲ. ಆದರೆ ನಮ್ಮ ಬಡಾವಣೆಯಲ್ಲಿ ಮರವೇ ಇಲ್ಲ. ಯಜಮಾನರನ್ನು ಕೇಳಿದರೆ, “ಎಲ್ಲಿಯ ಜೀರುಂಡೆ, ನಂಗೇನೂ ಕೇಳ್ತಿಲ್ವಲ್ಲ” ಎಂದು ಮಗ್ಗುಲಾದರು. ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ. ಸದ್ದು ಒಂದಿಷ್ಟೂ ಕಡಿಮೆಯಾಗಲಿಲ್ಲ. ಅಂದಿನಿಂದ ಇಂದಿನವರೆಗೂ ಅದು ನನ್ನ ಎಡಗಿವಿಯಲ್ಲಿದೆ. ಹಗಲಲ್ಲಿ ತರಗತಿಯ ಗದ್ದಲದಲ್ಲಿ ಮರೆತಿರುತ್ತೇನೆ. ರಾತ್ರಿ ಫ್ಯಾನ್ ತಿರುಗುತ್ತಿದ್ದರೆ ಮಾತ್ರ ನಿದ್ದೆ, ಕರೆಂಟ್ ಹೋದರೆ ಎಚ್ಚರ. ಕಿವಿಮೊರೆತಕ್ಕೆ ಅದನ್ನು ಪೂರ್ತಿ ನಿಲ್ಲಿಸುವ ಮಾತ್ರೆ ಇಲ್ಲ, ಅದರೊಂದಿಗೆ ಬಾಳುವ ಉಪಾಯಗಳಿವೆ ಎಂದು ವೈದ್ಯರು ಬಿಡಿಸಿ ಹೇಳಿದ್ದಾರೆ.

ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ಹೋಗುವ ರೈಲು ಹತ್ತಿ ಮೈಸೂರಿನ ಮಾನಸಗಂಗೋತ್ರಿಗೆ ಹೋದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಅಲ್ಲಿಯೇ. ಹೊರಗಿನ ಯಾವ ಸದ್ದೂ ಬರದ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ (ರೋಗ ತಂದದ್ದೂ ಅದೇ, ರೋಗ ಹಿಡಿದುಕೊಟ್ಟದ್ದೂ ಅದೇ), ಒಂದೊಂದೇ ಸ್ವರವನ್ನು ಸಣ್ಣದು ಮಾಡುತ್ತ ಹೋಗಿ, ಕೇಳಿಸಿದಾಗಲೆಲ್ಲ ಗುಂಡಿ ಒತ್ತಿಸಿದರು. ಕೊನೆಗೆ ಕೊಟ್ಟ ಹಾಳೆಯಲ್ಲಿ ಎಡದಿಂದ ಬಲಕ್ಕೆ ಸ್ವರದ ಕಂಪನ (ಹರ್ಟ್ಸ್) ಏರುತ್ತ ಹೋಗುತ್ತದೆ, ಗುರುತು ಕೆಳಗಿದ್ದಷ್ಟೂ ಆ ಸ್ವರ ಕೇಳಿಸಲು ಹೆಚ್ಚು ಜೋರು (ಡೆಸಿಬೆಲ್) ಬೇಕೆಂದರ್ಥ. ಅದರಲ್ಲಿ ಬಲಗಿವಿಯ ಕೆಂಪು ಸೊನ್ನೆಗಳು ಮೇಲೆ ಸಾಲಾಗಿ ನಿಂತಿದ್ದವು. ಎಡಗಿವಿಯ ನೀಲಿ ಗುಣಾಕಾರದ ಚಿಹ್ನೆಗಳು ಜೊತೆಜೊತೆಗೆ ಬಂದು, 4000 ಹರ್ಟ್ಸ್ ಎಂಬಲ್ಲಿ ಹಳ್ಳಕ್ಕೆ ಬಿದ್ದಂತೆ 45 ಡೆಸಿಬೆಲ್‌ಗೆ ಇಳಿದು, 8000ದ ಹೊತ್ತಿಗೆ ಮತ್ತೆ ಮೇಲೆ ಬಂದಿದ್ದವು. ವಯಸ್ಸಿನಿಂದ ಬರುವ ಕಿವುಡಾದರೆ ಗೆರೆ ಸಾಮಾನ್ಯವಾಗಿ ಇಳಿಜಾರಿನಂತೆ ಇಳಿಯುತ್ತಲೇ ಹೋಗುತ್ತದೆ, ನಡುವೆ ಹೀಗೆ ಹಳ್ಳ ಬಿದ್ದು ಮತ್ತೆ ಏರುವುದು ಜೋರು ಸದ್ದಿನ ಪೆಟ್ಟಿನ ಗುರುತು ಎಂದು ಅಲ್ಲಿನ ಶ್ರವಣ ತಜ್ಞೆ ವಿವರಿಸಿ, “ನಿಮ್ಮದು ಹಳೇ ಆಡಿಯೋಗ್ರಾಮ್ ಏನಾದರೂ ಇದೆಯಾ ಮೇಡಂ?” ಎಂದು ಕೇಳಿದರು.

ಇರಲಿಲ್ಲ. ನನ್ನ ಬಳಿ ಹತ್ತು ವರ್ಷಗಳ ಸಕ್ಕರೆ, ರಕ್ತದೊತ್ತಡದ ಚೀಟಿಗಳಿವೆ, ಮೂರು ಕನ್ನಡಕಗಳ ನಂಬರುಗಳಿವೆ. ಕಿವಿಯ ಬಗ್ಗೆ 52 ವರ್ಷಗಳಲ್ಲಿ ಒಂದು ತುಂಡು ಕಾಗದವೂ ಇರಲಿಲ್ಲ. ಆ ಹಳ್ಳ ಯಾವ ವರ್ಷ ಬಿತ್ತು, ಇನ್ನೂ ಆಳವಾಗುತ್ತಿದೆಯೇ, ಇಯರ್‌ಫೋನಿನ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಲು ಹೋಲಿಸಿ ನೋಡುವ ಮೊದಲ ಹಾಳೆ ಬೇಕು. ಅದಿಲ್ಲದೆ ಎಂಥ ತಜ್ಞರೂ ಊಹೆಯನ್ನಷ್ಟೇ ಹೇಳಬಲ್ಲರು. ನಾನು ಮಕ್ಕಳಿಗಾಗಿ ಕೇಳುತ್ತಿರುವುದು ಆ ಮೊದಲ ಹಾಳೆಯನ್ನು.

ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಒಂದು ಭಾಗವಿದ್ದು, ಅದರೊಳಗೆ ಸುಮಾರು 15,000 ರೋಮಕೋಶಗಳಿವೆ. ಸದ್ದಿನ ಅಲೆ ಬಂದಾಗ ಅವು ಬಾಗಿ ಎದ್ದು ನರಕ್ಕೆ ಸುದ್ದಿ ಮುಟ್ಟಿಸುತ್ತವೆ. ಗಾಳಿಮಳೆಗೆ ಬಾಗಿದ ರಾಗಿ ಪೈರು ಬಿಸಿಲು ಬಂದ ಮೇಲೆ ಚೇತರಿಸಿಕೊಳ್ಳುವ ಹಾಗೆ, ಒಂದು ದಿನದ ಜೋರು ಸದ್ದಿಗೆ ಸೋತ ಕೋಶಗಳು ವಿಶ್ರಾಂತಿ ಸಿಕ್ಕರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಮದುವೆಮನೆಯ ಡಿಜೆ ಮುಂದೆ ನಿಂತು ಬಂದ ರಾತ್ರಿ ಕಿವಿ ಮಂಕಾಗಿ ಮರುದಿನ ಸರಿಹೋಗುವುದು ಈ ಕಾರಣಕ್ಕೆ. ಬುಡವೇ ಮುರಿದರೆ ಪೈರು ಏಳುವುದಿಲ್ಲ. ಸತ್ತ ರೋಮಕೋಶದ ಜಾಗದಲ್ಲಿ ಕೋಳಿಯ ಕಿವಿಯಲ್ಲಾದರೆ ಹೊಸದು ಹುಟ್ಟುತ್ತದೆ, ಮನುಷ್ಯರ ಕಿವಿಯಲ್ಲಿ ಹುಟ್ಟುವುದಿಲ್ಲ. ಜೋರು ಸದ್ದಿಗೆ ಮೊದಲು ಬಲಿಯಾಗುವುದು 3000ದಿಂದ 6000 ಹರ್ಟ್ಸ್‌ನ ಸುತ್ತ ಕೆಲಸ ಮಾಡುವ ಕೋಶಗಳು, ಅದರಲ್ಲೂ 4000ದ ಆಸುಪಾಸಿನವು. ನಮ್ಮ ಸ್ವರಾಕ್ಷರಗಳ ಬಲವೆಲ್ಲ ಬಹುಮಟ್ಟಿಗೆ ಅದಕ್ಕಿಂತ ಕೆಳಗಿನ ಕಂಪನಗಳಲ್ಲಿರುವುದರಿಂದ, ಕರೆದರೆ ಕೇಳಿಸುತ್ತದೆ, ಮಾತಾಡಿದರೆ ಕೇಳಿಸುತ್ತದೆ. ಜಾರಿಹೋಗುವುದು ಸ, ಚ, ತ, ಕ, ಪಗಳಂಥ ಉಸಿರಿನ ವ್ಯಂಜನಗಳ ಅಂಚು.

ಕನ್ನಡ ಮೇಷ್ಟರಿಗೆ ಇದು ಉಕ್ತಲೇಖನದ ಪುಸ್ತಕದಲ್ಲಿ ಕಾಣುತ್ತದೆ. ನಮ್ಮ ಕಡೆಯ ಮಗು ‘ಶಾಲೆ’ಯನ್ನು ‘ಸಾಲೆ’ ಎಂದೋ ‘ಹಾಲು’ ಎಂಬುದನ್ನು ‘ಆಲು’ ಎಂದೋ ಬರೆದರೆ ನಾನು ಗಾಬರಿಯಾಗುವುದಿಲ್ಲ, ಅದು ಮನೆಮಾತಿನ ವಾಸನೆ. ಮಹಾಪ್ರಾಣ ಬಿಡುವುದೂ ಹಾಗೆಯೇ. ಆದರೆ ‘ಕಾಲು’ ಎಂದದ್ದನ್ನು ‘ಪಾಲು’ ಎಂದೂ ‘ತಟ್ಟೆ’ ಎಂದದ್ದನ್ನು ‘ಕಟ್ಟೆ’ ಎಂದೂ ಬರೆದರೆ ಅದನ್ನು ಈ ಸೀಮೆಯ ಯಾವ ಮನೆಮಾತೂ ಕಲಿಸಿರುವುದಿಲ್ಲ. ಎರಡು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿದ್ದ ಒಬ್ಬ ಜಾಣ ಹುಡುಗ, ನಾನು ಅವನೆದುರು ನಿಂತು ಹೇಳಿದಾಗ ಒಂದೂ ತಪ್ಪಿಲ್ಲದೆ ಬರೆಯುತ್ತಿದ್ದವನು, ನಾನು ಬೋರ್ಡಿನ ಕಡೆ ತಿರುಗಿ ಹೇಳಿದರೆ ಇಂಥ ತಪ್ಪುಗಳನ್ನೇ ಮಾಡುತ್ತಿದ್ದ. ಗಮನವಿಲ್ಲವೆಂದು ಒಂದೆರಡು ಸಲ ಗದರಿದ್ದೇನೆ ಕೂಡ. ಅವನು ನನ್ನ ತುಟಿ ನೋಡಿ ಬರೆಯುತ್ತಿದ್ದನೆಂದು ಹೊಳೆದದ್ದು ನನ್ನ ಹಾಳೆ ನನ್ನ ಕೈಗೆ ಬಂದ ಮೇಲೆ. ಆ ಹೊತ್ತಿಗೆ ಅವನು ಶಾಲೆ ಬಿಟ್ಟು ಹೋಗಿದ್ದ. ಉಕ್ತಲೇಖನದಿಂದ ಕಿವಿಯ ರೋಗ ಪತ್ತೆ ಮಾಡಬಹುದೆಂದು ನಾನು ಹೇಳುತ್ತಿಲ್ಲ. ಅವನಿಗೆ ಬೇರೆ ಕಾರಣವೂ ಇದ್ದಿರಬಹುದು. ಗದರುವ ಮೊದಲು ನೋಡಲು ನನ್ನ ಬಳಿ ಒಂದು ಹಾಳೆ ಇರಲಿಲ್ಲವೆಂಬುದು ನನ್ನ ಕೊರಗು.

ಆ ಹುಡುಗ ದಿನವೂ ಸಕಲೇಶಪುರದ ಕಡೆಯಿಂದ ಬಾಳ್ಳುಪೇಟೆಯ ಮೇಲೆ ಬಸ್ಸಿನಲ್ಲಿ ಬರುತ್ತಿದ್ದ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ವಾರಕ್ಕೆ ಆರು ದಿನ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರು ವಾರಕ್ಕೆ 40 ಗಂಟೆ 80 ಡೆಸಿಬೆಲ್ ಸದ್ದನ್ನು ಕೇಳಬಹುದು, ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಹೊತ್ತು ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. ಬಸ್ಸಿನ ಎಂಜಿನ್ ಸದ್ದನ್ನು ಮೀರಿ ಹಾಡು ಕೇಳಬೇಕೆನ್ನುವವನು ವಾಲ್ಯೂಮನ್ನು 89ಕ್ಕೆ ಏರಿಸಿಕೊಂಡಿದ್ದರೆ, ಬುಧವಾರ ಬೆಳಿಗ್ಗೆ ಹಾಸನದ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಅವನ ಇಡೀ ವಾರದ ಪಾಲು ಮುಗಿದಿರುತ್ತದೆ. ಮಕ್ಕಳಿಗೆ ಹೇಳಿರುವ 75 ಡೆಸಿಬೆಲ್ ಮಿತಿಯನ್ನೇ ಹಿಡಿದರೆ, ಸೋಮವಾರ ಸಂಜೆ ಊರು ಮುಟ್ಟುವ ಮೊದಲೇ ಮುಗಿದಿರುತ್ತದೆ. ಬಸ್ಸಿನಲ್ಲಿ ಮೊಬೈಲಿನ ಸ್ಪೀಕರ್ ಹಾಕಿ ಹಾಡು ಕೇಳಬಾರದೆಂದು 2021ರಲ್ಲಿ ಕೆಎಸ್‌ಆರ್‌ಟಿಸಿ ನಿಯಮ ಮಾಡಿತು. ಒಳ್ಳೆಯ ನಿಯಮವೇ, ನಾನೂ ಅದರ ಫಲಾನುಭವಿ. ಆದರೆ ಆ ಸದ್ದು ಎಲ್ಲಿಗೂ ಹೋಗಲಿಲ್ಲ, ಎಲ್ಲರ ಕಿವಿಯಿಂದ ತೆಗೆದು ಒಬ್ಬನ ಕಿವಿಯೊಳಕ್ಕೆ ತುಂಬಿದೆವು. ಇಯರ್‌ಫೋನ್ ಹಾಕಿಕೊಂಡ ಹುಡುಗ ಇಂದು ಬಸ್ಸಿನಲ್ಲಿ ಸಭ್ಯ ಹುಡುಗ.

ಪಟ್ಟಣದ ಅಂಗಡಿಗಳಲ್ಲಿ ಹೋದಲ್ಲೆಲ್ಲ ನೆಕ್‌ಬ್ಯಾಂಡು, ಬಡ್ಸ್‌ಗಳ ಡಬ್ಬಿಗಳನ್ನು ತಿರುಗಿಸಿ ಓದುವುದು ನನಗೀಗ ಚಟವಾಗಿದೆ. ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಬಾಸ್ ಎಷ್ಟು ಜೋರು, ಎಷ್ಟು ನಿಮಿಷ ಚಾರ್ಜ್ ಮಾಡಿದರೆ ಎಷ್ಟು ಹೊತ್ತು ಓಡುತ್ತದೆ ಎಂಬುದೆಲ್ಲ ದಪ್ಪಕ್ಷರದಲ್ಲಿದೆ. ಹೆಚ್ಚೆಂದರೆ ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಎಂಬ ಒಂದು ಸಾಲನ್ನು ನಾನು ಕೈಗೆತ್ತಿಕೊಂಡ ಯಾವ ಡಬ್ಬಿಯಲ್ಲೂ ಕಾಣಲಿಲ್ಲ. ಹೆಚ್ಚು ಹೊತ್ತು ಜೋರಾಗಿ ಕೇಳಿದರೆ ಕಿವಿಗೆ ಹಾನಿಯೆಂದು ಮೊಬೈಲ್ ಏನೋ ಎಚ್ಚರಿಸುತ್ತದೆ. ಆ ಎಚ್ಚರಿಕೆ ಬಂದಾಗ ‘ಓಕೆ’ ಒತ್ತಲು ನನ್ನ ಹೆಬ್ಬೆರಳಿಗೆ ಅರ್ಧ ಸೆಕೆಂಡೂ ಹಿಡಿಯುತ್ತಿರಲಿಲ್ಲ. ಮಕ್ಕಳದು ಇನ್ನೂ ಚುರುಕು.

ಹಾಡಿನ ಮಾತು ಹಾಗಿರಲಿ, ಈಗ ಓದೂ ಕಿವಿಯೊಳಕ್ಕೇ ಬಂದಿದೆ. ನನ್ನ ತಂಗಿಯ ಮಗಳು ನೀಟ್ ತಯಾರಿಗೆ ಸೇರಿದ್ದ ಖಾಸಗಿ ತರಬೇತಿ ಕೇಂದ್ರವೊಂದರಲ್ಲಿ ಮಕ್ಕಳನ್ನು ಒಂದೇ ಹಾಲ್‌ನಲ್ಲಿ ಒತ್ತೊತ್ತಾಗಿ ಕೂರಿಸಿ, ದಿನಕ್ಕೆ ನಾಲ್ಕು ಗಂಟೆ ಧ್ವನಿಮುದ್ರಿತ ಪಾಠವನ್ನು ಹೆಡ್‌ಫೋನಿನಲ್ಲಿ ಕೇಳಿಸುತ್ತಿದ್ದರು. ಬೆಳಗಿನ ಗುಂಪು ಬಿಚ್ಚಿಟ್ಟ ಹೆಡ್‌ಫೋನನ್ನು ಬೆವರು ಆರುವ ಮೊದಲೇ ಮಧ್ಯಾಹ್ನದ ಗುಂಪು ಹಾಕಿಕೊಳ್ಳಬೇಕು. ಕಿಟಕಿಯ ಪಕ್ಕದಲ್ಲೇ ಜನರೇಟರ್. ಕಿವಿ ಬಿಸಿಯಾಗುತ್ತದೆ, ಸಂಜೆ ಮನೆಗೆ ಬಂದರೂ ಗುಂಯ್ ಎನ್ನುತ್ತದೆ ಎಂದು ಹುಡುಗಿ ಅತ್ತಾಗ ನಾನೇ ಹೋಗಿ ಕೇಳಿದೆ. “ಸೌಂಡ್ ಕಮ್ಮಿ ಇಟ್ಕೊಳ್ಳೋಕೆ ಹೇಳಿ ಮೇಡಂ” ಎಂದರು. ಕಡಿಮೆ ಇಟ್ಟರೆ ಜನರೇಟರಿನ ಗಲಾಟೆಯಲ್ಲಿ ಪಾಠ ಕೇಳಿಸಬೇಕಲ್ಲ! ಅವಳನ್ನು ಅಲ್ಲಿಂದ ಬಿಡಿಸಿದೆವು. ಹಾಗೆ ಬಿಡಿಸಲು ಅನುಕೂಲವಿಲ್ಲದವರು ಅಲ್ಲೇ ಇದ್ದಾರೆ.

ನನ್ನ ಕೋರಿಕೆಗೆ ಹೊಸ ಯೋಜನೆಯಾಗಲಿ ಹೊಸ ಕಾನೂನಾಗಲಿ ಬೇಕಾಗಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳನ್ನು ಒಳಗೊಂಡಿದೆ, ಅದು ಗುರುತಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಶ್ರವಣ ದೋಷವೂ ಇದೆ. ಕಿವುಡುತನ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 2006-07ರಷ್ಟು ಹಿಂದೆಯೇ ಶುರುವಾಗಿದ್ದು, ಜಿಲ್ಲಾ ಮಟ್ಟದಲ್ಲಿ ಶ್ರವಣ ಪರೀಕ್ಷೆಯ ಉಪಕರಣ ಒದಗಿಸುವುದೂ ಅದರ ಭಾಗವಾಗಿದೆ. 2025ರ ಫೆಬ್ರವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ರಾಜ್ಯಗಳಿಗೂ ವೈದ್ಯಕೀಯ ಕಾಲೇಜುಗಳಿಗೂ ಪತ್ರ ಬರೆದು, ಹೆಡ್‌ಫೋನ್ ಬಳಕೆಯನ್ನು ದಿನಕ್ಕೆ ಎರಡು ಗಂಟೆಗೆ ಮಿತಿಗೊಳಿಸುವಂತೆ ಜನರಿಗೆ ತಿಳಿಹೇಳಲು ಸೂಚಿಸಿದೆ. ಇಷ್ಟೆಲ್ಲ ಇದ್ದರೂ ನನ್ನಂಥ ಕಿವಿ, ಆ ಹುಡುಗನಂಥ ಕಿವಿ, ಯಾವ ಲೆಕ್ಕಕ್ಕೂ ಸಿಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ ಮಾತಿನ ಕಂಪನಗಳಲ್ಲಿ 60 ಡೆಸಿಬೆಲ್ ನಷ್ಟವಾದಲ್ಲಿಂದ ಎಣಿಸಲು ತೊಡಗುತ್ತದೆ. ತಪಾಸಣೆಯ ವೇಳೆ ಹಿಂದಿನಿಂದ ಹೆಸರು ಹಿಡಿದು ಕರೆದರೆ 4000ದಲ್ಲಿ ಹಳ್ಳ ಬಿದ್ದ ಮಗು ಥಟ್ಟನೆ ತಿರುಗಿ ನೋಡುತ್ತದೆ. ಅದನ್ನು ಹಿಡಿಯಲು ಕಂಪನವಾರು ಪರೀಕ್ಷೆಯೇ ಆಗಬೇಕು.

ಪ್ರಥಮ ಪಿಯುಸಿಯನ್ನೇ ಏಕೆ ಆರಿಸಿದೆನೆಂದರೆ, ನಮ್ಮ ಕಡೆ ಎಸ್ಸೆಸ್ಸೆಲ್ಸಿ ಪಾಸಾದ ಬೇಸಿಗೆಯಲ್ಲೇ ಹೆಚ್ಚಿನ ಮಕ್ಕಳಿಗೆ ಸ್ವಂತ ಮೊಬೈಲ್ ಸಿಗುತ್ತದೆ. ದೂರದ ಕಾಲೇಜು, ಬಸ್ಸು, ತರಬೇತಿ, ಹಾಸ್ಟೆಲ್ ಎಲ್ಲವೂ ಆ ಜೂನ್‌ನಿಂದ ಶುರು. ಆಗ ತೆಗೆದ ಹಾಳೆಯೇ ಮುಂದಿನದಕ್ಕೆಲ್ಲ ಅಳತೆಗೋಲಾಗುತ್ತದೆ. ಸಾಧ್ಯವಾದರೆ ದ್ವಿತೀಯ ಪಿಯುಸಿ ಮುಗಿಯುವಾಗ ಇನ್ನೊಮ್ಮೆ ತೆಗೆಯಬಹುದು. ಅದು ಆಗದಿದ್ದರೂ ಮೊದಲನೆಯದು ತಪ್ಪಬಾರದು. ಒಬ್ಬರಿಗೆ 15ರಿಂದ 20 ನಿಮಿಷ ಹಿಡಿಯುವ ಪರೀಕ್ಷೆಯನ್ನು ಸಾವಿರಾರು ಮಕ್ಕಳಿಗೆ ಮಾಡುವುದು ಸಣ್ಣ ಕೆಲಸವಲ್ಲವೆಂಬುದು ನನಗೆ ಗೊತ್ತು. ಎಲ್ಲ ಕಂಪನಗಳನ್ನೂ ನೋಡಲಾಗದ ಕಡೆ 1000, 2000, 4000 ಹರ್ಟ್ಸ್ ಮೂರನ್ನಾದರೂ ಕೈಯಲ್ಲಿ ಒಯ್ಯುವ ಆಡಿಯೋಮೀಟರಿನಲ್ಲಿ ನೋಡಿ, ಸಂಶಯ ಬಂದವರನ್ನು ಮಾತ್ರ ಜಿಲ್ಲಾ ಆಸ್ಪತ್ರೆಗೆ ಕಳಿಸಬಹುದು. ಒಂದೇ ವರ್ಷದಲ್ಲಿ ಎಂಟೂ ತಾಲ್ಲೂಕು ಆಗದಿದ್ದರೆ ಎರಡರಿಂದ ಶುರುಮಾಡಬಹುದು. ದೂರದಿಂದ ಬಸ್ಸಿನಲ್ಲಿ ಬರುವ ಮಕ್ಕಳು ಹೆಚ್ಚಿರುವ ಕಾಲೇಜುಗಳು ಮೊದಲಿಗೆ ಬರಲಿ ಎಂಬುದಷ್ಟೇ ನನ್ನ ಸಲಹೆ.

ಆ ಹಾಳೆಯ ಹಿಂಬದಿ ಖಾಲಿಯಿರುತ್ತದೆ. ಅಲ್ಲಿ ಕನ್ನಡದಲ್ಲಿ ಕೆಲವು ಸಾಲು ಅಚ್ಚು ಹಾಕಿಸಿ. ವಾಲ್ಯೂಮ್ ಅರವತ್ತು ಪ್ರತಿಶತ ದಾಟದಿರಲಿ. ಗದ್ದಲವಿರುವಲ್ಲಿ ಏರಿಸಿದ್ದನ್ನು ಗದ್ದಲ ಮುಗಿದ ಮೇಲೆ ಇಳಿಸಲಿ. ಬಡ್ಸ್ ಅನ್ನು ಗೆಳೆಯರೊಂದಿಗೆ ಕಿವಿಗೊಂದರಂತೆ ಹಂಚಿಕೊಳ್ಳದಿರಲಿ, ಸ್ನಾನ ಮಾಡಿ ಒದ್ದೆ ಕಿವಿಗೆ ಹಾಕದಿರಲಿ, ಹಾಕಿಕೊಂಡೇ ಮಲಗದಿರಲಿ. ಕಿವಿಗೆ ಪಿನ್ನು, ಬೆಂಕಿಕಡ್ಡಿ, ಕಾಯಿಸಿದ ಎಣ್ಣೆ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಕಿವಿ ಇದ್ದಕ್ಕಿದ್ದಂತೆ ಮಂಕಾದರೆ ಅದನ್ನು ಶೀತವೆಂದು ವಾರಗಟ್ಟಲೆ ಬಿಡದೆ ಅಂದೇ, ತಪ್ಪಿದರೆ ಮರುದಿನವೇ, ಇಎನ್‌ಟಿ ವೈದ್ಯರನ್ನು ಕಾಣಲಿ, ಏಕೆಂದರೆ ಹಠಾತ್ ಕಿವುಡಿಗೆ ಮೊದಲ ಕೆಲವು ದಿನಗಳಲ್ಲಿ ಕೊಡುವ ಔಷಧಿಗೆ ಆಮೇಲೆ ಅಷ್ಟು ಫಲವಿರುವುದಿಲ್ಲ.

ಪರೀಕ್ಷೆಗೆ ಸದ್ದಿಲ್ಲದ ಕೋಣೆ ಎಲ್ಲಿದೆ ಎಂಬ ಪ್ರಶ್ನೆ ಕಚೇರಿಯಲ್ಲಿ ಏಳಬಹುದು. ನಮ್ಮ ಕಾಲೇಜಿನ ಗ್ರಂಥಾಲಯದ ಹಿಂದೆ ಹಳೆಯ ನಕ್ಷೆಗಳನ್ನು ಇಟ್ಟಿರುವ ಒಂದು ಸಣ್ಣ ಕೋಣೆಯಿದೆ. ರಸ್ತೆಯಿಂದ ದೂರ, ಒಂದೇ ಬಾಗಿಲು, ದಪ್ಪ ಮಣ್ಣಿನ ಗೋಡೆ. ಪ್ರೌಢಶಾಲೆಯ ಮಕ್ಕಳು ಆಟದ ಮೈದಾನದಲ್ಲಿರುವ ಶನಿವಾರದ ಬೆಳಗಿನ ಹೊತ್ತನ್ನು ಬಿಟ್ಟರೆ ಉಳಿದ ದಿನಗಳಲ್ಲಿ ಮಧ್ಯಾಹ್ನದ ಊಟದ ಗಂಟೆಯಾದ ಮೇಲೆ ಅಲ್ಲಿ ಯಾವ ಸದ್ದೂ ಇರುವುದಿಲ್ಲ. ಪ್ರಾಂಶುಪಾಲರೊಂದಿಗೆ ಮಾತಾಡಿದ್ದೇನೆ, ಅವರ ಒಪ್ಪಿಗೆಯಿದೆ. ತಂಡ ಬರುವ ದಿನಾಂಕವನ್ನು ಒಂದು ವಾರ ಮೊದಲು ತಿಳಿಸಿದರೆ ನಕ್ಷೆಗಳನ್ನು ತೆರವು ಮಾಡಿಸಿ, ಧೂಳು ಹೊಡೆಸಿ, ಎರಡು ಕುರ್ಚಿ, ಒಂದು ಮೇಜು ಹಾಕಿಸಿಡುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಶಿಕ್ಷಕಿ,
ಹಾಸನ